ಸಂತ ಅಂತೋಣಿಯವರ ಸ್ವರೂಪ ಒಂದ್ ರಾತ್ರಿಗೆ ನಮ್ಮ ಕ್ಯಾಂಪಿಗೆ ಬರ್ತೈತಿ, ತಯಾರಿ ಹೆಂಗ?

ಕಾಲುವಿ_ಕ್ಯಾಂಪ್ (ಕಾರಟಗಿ ಕಡೆ)

ಎಲ್ಲಾರಿಗೂ ನಮಸ್ಕಾರ್ರಿ. ಜೂನ್ 13ರ ಹಬ್ಬಕ್ಕ ಮುಂಚೆ ಊರೂರು ಸುತ್ತೋ ಸಂತ ಅಂತೋಣಿಯವರ ಸ್ವರೂಪ (ಮೂರ್ತಿ) ಮೇ ತಿಂಗಳ ಕಡೀ ಮಂಗಳವಾರ ಸಂಜಿಗೆ ನಮ್ಮಲ್ಲಿಗೆ ಬರ್ತೈತಿ. ರಾತ್ರಿ ಇದ್ದು ಬುಧವಾರ ಮುಂಜಾನಿ ಮುಂದಿನ ಊರಿಗೆ ಹೋಗ್ತೈತಿ. ನಮ್ಮ ಲೆಕ್ಕ ಹಿಂಗೈತಿ ನೋಡ್ರಿ: 60 ಮನಿ, ಸುತ್ತಲಿನ ಊರವ್ರು ಸೇರಿದ್ರ 500 ಮಂದಿ. ಚರ್ಚು ಸಣ್ಣದು, ಬಾಗ್ಲ ಒಂದ, 34 ಇಂಚು, ಮುಂದ 3 ಮೆಟ್ಲು. ಮೇನ್ ರೋಡಿನಿಂದ ಚರ್ಚಿಗೆ ಒಂದೂವರಿ ಕಿಲೋಮೀಟರ್. ಸ್ವರೂಪ 4 ಅಡಿ, ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಂತ ಹೇಳ್ಯಾರ. ಟ್ರ್ಯಾಕ್ಟರ್, ಟ್ರೇಲಿ ನಮ್ಮವ ಅದಾವ. ಏನೇನು ಬೇಕು, ಏನು ಮಾಡಬಾರ್ದು, ತಿಳಿದವ್ರು ಹೇಳ್ರಿ.

ಬಡಿಗ್ಯಾನ_ಉಳಿ (ರಾಯಚೂರು)

ಹೂವು, ಕಮಾನು, ಲೈಟು ಎಲ್ಲಾ ಆಮ್ಯಾಲ. ಮೊದ್ಲು ಒಂದು ಮಣಿ, ಅಂದ್ರ ಸ್ವರೂಪ ಕೂಡಸಿ ಹೊರೋ ಹಲಗಿ, ಮಾಡಸ್ರಿ. ಸ್ವರೂಪ ಒಡಿಯೋದು ಮೆರವಣಿಗ್ಯಾಗ ಅಲ್ಲ. ಗಾಡಿಯಿಂದ ಇಳಸೋವಾಗ, ಮೆಟ್ಲು ಹತ್ತಸೋವಾಗ, ಪೀಠದ ಮ್ಯಾಲ ಕೂಡಸೋವಾಗ ಒಡೀತದ. ಹತ್ತು ಮಂದಿ ಭಕ್ತೀಲಿ ಕೈ ಹಚ್ಚತಾರ, ಒಬ್ಬ ಸೊಂಟಾ ಹಿಡಿತಾನ, ಇನ್ನೊಬ್ಬ ಸಂತರ ತೋಳಿನಾಗಿರೋ ಬಾಲಯೇಸುವಿನ ಕಾಲು ಹಿಡಿತಾನ. ಪಿಓಪಿ ಒಳಗ ಪೊಳ್ಳು ಇರ್ತದ, ತೆಂಗಿನ ನಾರು, ಒಂದೆರಡು ತಂತಿ ಬಿಟ್ರ ಬ್ಯಾರೆ ಆಧಾರ ಇಲ್ಲ. ಎಲ್ಲಾ ಭಾರ ಕಣಕಾಲಿನ ಮ್ಯಾಲ ನಿಂತಿರ್ತದ. ಮ್ಯಾಲಿನ ಭಾಗ ಹಿಡಿದು ಎಳದ್ರ ಕಣಕಾಲಿಗೆ ಬಿರುಕು ಬೀಳ್ತದ. ಆ ಬಿರುಕು ಅವತ್ತು ಕಾಣಂಗಿಲ್ಲ, ಮೂರು ಊರು ದಾಟಿದ ಮ್ಯಾಲ ಕಾಣ್ತದ.

ಅದಕ್ಕ ಸ್ವರೂಪಕ್ಕ ಯಾರೂ ಕೈ ಹಚ್ಚಬಾರ್ದು, ಮಣಿಗೆ ಅಷ್ಟ ಕೈ ಹಚ್ಚಬೇಕು. ಒಮ್ಮಿ ಮಣಿ ಮ್ಯಾಲ ಕೂಡ್ಸಿದ್ರ ಹೋಗೋ ತನಕ ಇಳಸೋ ಹಂಗಿಲ್ಲ. ಟ್ರೇಲ್ಯಾಗ ಮಣಿ, ಪೆಂಡಾಲ್‌ನಾಗ ಮಣಿ, ಚರ್ಚಿನಾಗೂ ಅದ ಮಣಿ.

ಅಳತಿ: ಕಳಿಸೋರಿಗೆ ಫೋನ್ ಮಾಡಿ ಸ್ವರೂಪದ ತಳದ ಉದ್ದ ಅಗಲ ಕೇಳ್ರಿ. 16 ಇಂಚಿಗೆ 14 ಇಂಚು ಅದ ಅಂತ ಇಟ್ಕೊಳ್ರಿ, ಆಗ ಮಣಿ 22 ಇಂಚು ಚೌಕ ಸಾಕು, 18 ಎಂಎಂ ಪ್ಲೈವುಡ್. ಅದರ ಕೆಳಗ 2 ಇಂಚು ದಪ್ಪಿನ ಸಾಗವಾನಿ ಅಥವಾ ಹೊನ್ನಿ ಪಟ್ಟಿ ಎರಡು, ಒಂದೊಂದೂ 5 ಅಡಿ. ನಡುವ ಮಣಿ ಕೂಡ್ಸಿದ್ರ ಮುಂದ 19 ಇಂಚು, ಹಿಂದ 19 ಇಂಚು ಹಿಡಿಕಿ ಉಳೀತದ. ಹಿಡಿಕಿ ಎಡಕ್ಕ ಬಲಕ್ಕ ಇಡಬ್ಯಾಡ್ರಿ. ಬಾಗಲಾ 34 ಇಂಚು, ಪಕ್ಕದಾಗ ಹಿಡ್ಕೊಂಡು ನಾಕು ಮಂದಿ ಹೊಂಟ್ರ ಚೌಕಟ್ಟಿನಾಗ ಸಿಕ್ಕೊಂಡು ನಿಂದರ್ತಾರ, ಅಲ್ಲೇ ತಿರಗಸಾಕ ಹೋಗಿ ಬೀಳಸ್ತಾರ.

ಮಣಿ ಮ್ಯಾಲ ಒಂದಿಂಚಿನ ಗಟ್ಟಿ ಫೋಮ್ ಹಾಸ್ರಿ. ಸೋಫಾದ ಮೆತ್ತನ ಸ್ಪಂಜ್ ಬ್ಯಾಡ, ಅದರ ಮ್ಯಾಲ ಸ್ವರೂಪ ತೂಗಾಡ್ತದ. ತಳದ ನಾಕೂ ಕಡೆ 3 ಇಂಚು ಎತ್ತರದ ಕಟ್ಟಿಗಿ ತುಂಡು ಸ್ಕ್ರೂ ಹೊಡದು ಬಿಗೀರಿ. ತುಂಡಿಗೂ ಸ್ವರೂಪಕ್ಕೂ ನಡುವ ಹಳೇ ಕಂಬಳಿ ತುಂಡು ತುರಕ್ರಿ. ಸ್ವರೂಪಕ್ಕ ಮೊಳಿ ಗಿಳಿ ಹೊಡಿಯೋ ಮಾತೇ ಬ್ಯಾಡ.

ಕಾಲುವಿ_ಕ್ಯಾಂಪ್

ಅಣ್ಣಾ, ಹಗ್ಗ ಕಟ್ಟೋದು ಬ್ಯಾಡೇನು? ಟ್ರೇಲಿ ಹಾರ್ತೈತಿ, ನಮ್ಮ ರೋಡು ಹೆಂಗೈತಿ ಅಂತ ಕಾರಟಗಿ ಕಡೆಯವ್ರಿಗೆ ಗೊತ್ತೈತಿ.

ಬಡಿಗ್ಯಾನ_ಉಳಿ

ಹಗ್ಗ ಮಣಿಗೆ ಕಟ್ರಿ. ನಾಕೂ ಮೂಲಿಗೆ ಕಬ್ಬಿಣದ ಬಳಿ ಹಾಕ್ಸಿ, ಟ್ರೇಲಿಯ ನಾಕು ಮೂಲಿಗೆ ಲಾರಿ ಬೆಲ್ಟಿನಾಗ ಬಿಗೀರಿ. ಸ್ವರೂಪಕ್ಕ ಒಂದ ಕಟ್ಟು ಸಾಕು, ಸೊಂಟದ ಹಗ್ಗದ ಎತ್ತರಕ್ಕ, ಒಳಗ ಹತ್ತಿ ಬಟ್ಟಿ ಸುತ್ತಿ, ನೂಲಿನ ಹಗ್ಗ. ಅದು ಬಿಗಿಯೂ ಇರಬಾರ್ದು, ಸಡಿಲೂ ಇರಬಾರ್ದು. ತೆಂಗಿನ ಹಗ್ಗ ಬಣ್ಣಾ ಕೆರೀತದ. ನೈಲಾನ್ ಹಗ್ಗ ಜಗ್ಗಿದ್ರ ಹಿಗ್ತದ, ಅರ್ಧ ಹಾದ್ಯಾಗ ಸಡಿಲ ಆಗ್ತದ. ಕುತ್ತಿಗಿಗೆ ಅಥವಾ ಬಾಲಯೇಸುವನ್ನ ಎತ್ಕೊಂಡಿರೋ ತೋಳಿಗೆ ಕಟ್ಟೋರು ಇರ್ತಾರ, ಅವರನ್ನ ಅಡಿಗಿ ಕಡೆ ಕಳಸ್ರಿ.

ಕೈಯಾಗಿನ ಲಿಲ್ಲಿ ಹೂವು ಬಾಳ ಸ್ವರೂಪಗಳಾಗ ಬಿಚ್ಚೋದಿರ್ತದ. ಅದನ್ನ ಮೊದ್ಲು ತಗದು ಬ್ಯಾರೆ ಡಬ್ಬಿಯಾಗ ಇಡ್ರಿ. ಬಾಲಯೇಸು ಕೂಡ ಕೆಲವಕ್ಕ ಪಿನ್ನಿನ ಮ್ಯಾಲ ಕೂಡೋದು. ಮೆಲ್ಲಗ ಮುಟ್ಟಿ ನೋಡ್ರಿ, ಅಲುಗಾಡ್ತಿದ್ರ ಟ್ರೇಲಿ ಹತ್ತೋ ಮುಂಚೆ ತಗೀರಿ.

ಉಪದೇಶಿ_ಬಳ್ಳಾರಿ

ಸುತ್ತಿಕೊಂಡು ಬರುವ ರೀತಿಯೂ ಮುಖ್ಯ. ಬಬಲ್ ಶೀಟನ್ನು ನೇರ ಬಣ್ಣದ ಮೇಲೆ ಸುತ್ತಿದರೆ ಮೇ ಬಿಸಿಲಿಗೆ ಬಣ್ಣ ಮೆತ್ತಗಾಗಿ ಗುಂಡುಗುಂಡು ಅಚ್ಚು ಬೀಳುತ್ತದೆ. ಕಂದು ಅಂಗಿಯ ಮೇಲೆ ಸಿಡುಬು ಎದ್ದ ಹಾಗೆ ಕಾಣುತ್ತದೆ, ಆಮೇಲೆ ಅದು ಹೋಗುವುದಿಲ್ಲ. ಮೊದಲು ಗಂಜಿ ಹಾಕದ ಹಳೆ ಪಂಚೆ, ಅದರ ಮೇಲೆ ಕೌದಿ. ಕೌದಿಗಿಂತ ಒಳ್ಳೆಯ ಪ್ಯಾಕಿಂಗ್ ಯಾವ ಅಂಗಡಿಯಲ್ಲೂ ಸಿಗಲ್ಲ.

ಸ್ವರೂಪದ ಜೊತೆ ಪವಿತ್ರ ಅವಶೇಷವೂ (ಸಂತರ ಮೂಳೆ ಅಥವಾ ಬಟ್ಟೆಯ ತುಣುಕು) ಬರುತ್ತದಾ ಅಂತ ಕೇಳಿಕೊಳ್ಳಿ. ಬಂದರೆ ಅದರ ಪ್ರಮಾಣಪತ್ರ ಜೊತೆಗಿರಬೇಕು. ರಾತ್ರಿ ಅದನ್ನು ಬೀಗದಲ್ಲಿಡಬೇಕು, ಬಲಿಪೀಠದ (ಫಾದರ್ ಪೂಜೆ ಮಾಡುವ ಮೇಜಿನ) ಮೇಲೆ ಇಡಬಾರದು.

ಸ್ವರೂಪವನ್ನೂ ಬಲಿಪೀಠದ ಮೇಲೆ ಇಡಬೇಡಿ, ಮುಂದೆ ಅಡ್ಡ ಇಡಬೇಡಿ. ಪಕ್ಕದಲ್ಲಿ, ಜನರಿಗೆ ಕಾಣುವಂತೆ, ಪೀಠಕ್ಕಿಂತ ಮುಖ್ಯ ಅನಿಸದಂತೆ ಇಡಿ. ನಿಮ್ಮಲ್ಲಿ ಈಗಾಗಲೇ ಅಂತೋಣಿಯವರ ಸಣ್ಣ ಸ್ವರೂಪ ಇದ್ದರೆ ಆ ದಿನ ಒಳಗಿಟ್ಟುಬಿಡಿ. ಒಬ್ಬರೇ ಸಂತರ ಎರಡು ಸ್ವರೂಪ ಪೀಠದ ಹತ್ತಿರ ಬೇಡ. ಬಲಿಪೂಜೆಗೆ (ಚರ್ಚಿನ ಮುಖ್ಯ ಪೂಜೆಗೆ) ಫಾದರ್ ಉಡುಪು ಬಿಳಿ, ಅವರು ಗುರು ಮತ್ತು ಧರ್ಮಸಭೆಯ ಪಂಡಿತರು, ಹುತಾತ್ಮರಲ್ಲ. ಹನ್ನೆರಡನೇ ಪಯಸ್ ಜಗದ್ಗುರುಗಳು (ಪೋಪ್) 1946ರಲ್ಲಿ ಆ ಪಂಡಿತ ಬಿರುದು ಕೊಟ್ಟದ್ದು. ಹುತಾತ್ಮರಿಗೆ ಹಾಕುವ ಕೆಂಪು ಬಟ್ಟೆಯ ಪೀಠಾಲಂಕಾರ ಮಾಡಿಟ್ಟು ಆಮೇಲೆ ಒದ್ದಾಡಬೇಡಿ. ಪಾಸ್ಖ (ಈಸ್ಟರ್) ಕಾಲ ಇನ್ನೂ ಮುಗಿದಿರದಿದ್ದರೆ ಸಂತರ ಪೂಜೆಯ ಪ್ರಾರ್ಥನೆಗಳನ್ನು ಬಳಸಬಹುದಾ ಅಂತ ಫಾದರ್ ನಿರ್ಧರಿಸುತ್ತಾರೆ. ಗಾನವೃಂದದವರು ಹಾಡು ಆರಿಸುವ ಮುಂಚೆ ಅವರನ್ನು ಕೇಳಿ.

ಇನ್ನೊಂದು: ಪರಮಪ್ರಸಾದದ (ಯೇಸುವಿನ ಶರೀರವೆಂದು ನಾವು ನಂಬುವ ರೊಟ್ಟಿಯ) ಆರಾಧನೆ ಮತ್ತು ಸ್ವರೂಪ ದರ್ಶನ ಒಂದೇ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಆರಾಧನೆ ದೇವರಿಗೆ, ಸಂತರಿಗೆ ಗೌರವ. ಎರಡನ್ನೂ ಒಂದೇ ಜಾಗದಲ್ಲಿ ಇಟ್ಟರೆ ಜನ ಆರಾಧನೆಗೆ ಬೆನ್ನು ಹಾಕಿ ಸ್ವರೂಪದ ಸಾಲಿನಲ್ಲಿ ನಿಲ್ಲುತ್ತಾರೆ.

ಜೆಸ್ಕಾಂ_ಅಲ್ಲ_ನಾನು (ಸಿಂಧನೂರು)

ಎತ್ತರದ ಲೆಕ್ಕಾ ಯಾರೂ ಹಾಕ್ಲಿಲ್ಲ. ಟ್ರೇಲಿ ನೆಲ 3.5 ಅಡಿ, ಅದರ ಮ್ಯಾಲ ಮಂಟಪದ ಕಟ್ಟಿ 2 ಅಡಿ, ಸ್ವರೂಪ 4 ಅಡಿ, ಮ್ಯಾಲ ಛತ್ರಿ ಕಮಾನು 3 ಅಡಿ. ಹನ್ನೆರಡೂವರಿ ಅಡಿ ಆತು. ನಿಯಮದ ಪ್ರಕಾರ ರಸ್ತಾ ದಾಟೋ ಸಾದಾ ಲೈನು 5.8 ಮೀಟರ್ ಎತ್ತರ ಇರಬೇಕು, 11 ಕೆವಿ ಲೈನು 6.1 ಮೀಟರ್. ಅಂದ್ರ 19–20 ಅಡಿ. ಕಾಗದದ ಮ್ಯಾಲ ಜಾಗ ಬೇಕಾದಷ್ಟು ಐತಿ. ಆದ್ರ ಬ್ಯಾಸಗ್ಯಾಗ ತಂತಿ ಜೋತು ಬೀಳ್ತಾವ, ಕಂಬದಿಂದ ಮನಿಗೆ ಎಳದ ಸರ್ವಿಸ್ ವೈರ್ ಅಂತೂ ಕೈಗೆ ಸಿಗೋ ಹಂಗ ಇರ್ತಾವ. ಒಂದು ವಾರ ಮುಂಚೆ 14 ಅಡಿ ಒಣ ಬಿದಿರು ನೆಟ್ಟಗ ಹಿಡ್ಕೊಂಡು ಪೂರಾ ಹಾದಿ ನಡೀರಿ. ಅದೂ ಮನಿ ವೈರಿರೋ ಓಣ್ಯಾಗ ಅಷ್ಟ, 11 ಕೆವಿ ಕೆಳಗ ಬಿದಿರು ಎತ್ತಬ್ಯಾಡ್ರಿ, ಕಣ್ಣಲ್ಲೇ ಅಂದಾಜು ಮಾಡ್ರಿ. ಎಲ್ಲಿ ತಾಕ್ತೈತಿ ಬರ್ಕೊಂಡು ಜೆಸ್ಕಾಂ (ಕರೆಂಟ್ ಕಂಪನಿ) ಸೆಕ್ಷನ್ ಆಫೀಸಿಗೆ ಅರ್ಜಿ ಕೊಡ್ರಿ. ಲೈನ್‌ಮನ್ ಬಂದು ಆ ಹೊತ್ತಿಗೆ ಬಂದ್ ಮಾಡ್ತಾರ.

ಮೆರವಣಿಗಿ ಮುಂದ ಒಬ್ಬ ಕೋಲಿನಾಗ ವೈರ್ ಎತ್ಕೊಂತ ಹೋಗೋ ಪದ್ಧತಿ ನಿಲ್ಲಸ್ರಿ. ಮೇ ಕಡೀಗೆ ಅಡ್ಡಮಳಿ ಬರ್ತೈತಿ, ಹಸಿ ಬಿದಿರಿನಾಗ ಕರೆಂಟ್ ಹರೀತೈತಿ.

ಟ್ರೇಲಿ ಮ್ಯಾಲ ಕಬ್ಬಿಣದ ಮಂಟಪ, ಅದರ ಮ್ಯಾಲ ಸೀರಿಯಲ್ ಸೆಟ್, ಕೆಳಗ ಜನರೇಟರ್. ಈ ಮೂರು ಕೂಡಿದ್ರ ವೈರ್ ಎಲ್ಲ್ಯಾರ ತಿಕ್ಕಿ ತೊಗಲು ಹೋದ್ರ ಮಂಟಪಕ್ಕ ಕರೆಂಟ್ ಬರ್ತೈತಿ. ಬ್ಯಾಟರಿ ಮ್ಯಾಲ ಓಡೋ 12 ವೋಲ್ಟ್ ಎಲ್‌ಇಡಿ ಪಟ್ಟಿ ಹಾಕ್ರಿ, ತಲಿಬ್ಯಾನಿ ಇಲ್ಲ. ಪೆಂಡಾಲ್‌ನ ಲೈನಿಗೆ 30 ಮಿಲಿ ಆಂಪಿಯರ್‌ದು ಆರ್‌ಸಿಸಿಬಿ, ಅಂದ್ರ ಕರೆಂಟ್ ಸೋರಿದ್ರ ತಾನ ಬಂದ್ ಆಗೋ ಸ್ವಿಚ್ಚು, ಹಾಕ್ಸಲೇಬೇಕು.

ಡೊಳ್ಳಿನ_ಸದ್ದು

ಹಾದ್ಯಾಗ ಡಿಜೆ ಇಟ್ರ ಹೆಂಗ್ರಿ? ಹುಡುಗ್ರು ಕೇಳಾಕ ಹತ್ಯಾರ.

ಉಪದೇಶಿ_ಬಳ್ಳಾರಿ

ಬೇಡ ತಮ್ಮಾ. ಹಲಗೆ, ಡೊಳ್ಳು ಇರಲಿ, ನಮ್ಮ ಕಡೆ ಅದೇ ಲಕ್ಷಣ. ಜಪಸರ (ಮಣಿ ಎಣಿಸುತ್ತ ಹೇಳುವ ಪ್ರಾರ್ಥನೆ) ಶುರುವಾದಾಗ ಅವರು ಮುಂದೆ ನಡೆದು ನಿಲ್ಲಲಿ. ಊರ ಬಾಗಿಲಲ್ಲಿ ಹೆಣ್ಣುಮಕ್ಕಳು ಆರತಿ ಎತ್ತುವುದಕ್ಕೂ ಯಾರೂ ತಕರಾರು ತೆಗೆಯಬೇಕಿಲ್ಲ. ಭಾರತದ ಪೂಜಾವಿಧಿಗೆ 1969ರ ಏಪ್ರಿಲ್ 25ರಂದು ರೋಮ್ ಒಪ್ಪಿದ 12 ಅಂಶಗಳಲ್ಲಿ ಆರತಿಯೂ ಒಂದು.

ಮೈಕ್_ಸೆಟ್_ಗಂಗಾವತಿ

ಮೈಕಿಗೆ ಪೊಲೀಸ್ ಠಾಣೆಯಿಂದ ಬರಹದಲ್ಲಿ ಪರವಾನಗಿ ತಗೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಂದ್. ಜನವಸತಿ ಜಾಗದಲ್ಲಿ ಹಗಲು ಮಿತಿ 55 ಡೆಸಿಬೆಲ್.

ಜಪಸರ ಯಾಕೆ ಹಿಂದೆಮುಂದೆ ಆಗುತ್ತದೆ ಅಂತ ಎಲ್ಲರೂ ಕೇಳ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. 500 ಜನರ ಮೆರವಣಿಗೆ 200 ಮೀಟರ್ ಉದ್ದ ಆಗುತ್ತೆ. ಮುಂದಿನ ಬಾಕ್ಸಿನ ಮಾತು ಹಿಂದಿನವರಿಗೆ ಅರ್ಧ ಸೆಕೆಂಡಿಗಿಂತ ತಡವಾಗಿ ಮುಟ್ಟುತ್ತೆ. ಅವರು ಉತ್ತರ ಕೊಟ್ಟದ್ದು ಮುಂದಿನವರಿಗೆ ಮತ್ತೆ ಅಷ್ಟೇ ತಡ. ಹತ್ತು ನಮೋ ಮರಿಯ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಎರಡು ಗುಂಪು ಜಪಸರದ ಬೇರೆ ಬೇರೆ ಮಣಿಯಲ್ಲಿ ಇರ್ತಾರೆ. ಜೋರು ಮಾಡಿದರೆ ಸರಿಯಾಗಲ್ಲ. ಬಾಕ್ಸಿನ ಗಾಡಿಯನ್ನು ಮುಂದೆ ಬಿಡದೆ ಮೆರವಣಿಗೆಯ ನಡುವೆ ಇಡಿ, ಎರಡು ಹಾರ್ನ್ ಮುಂದಕ್ಕೆ, ಎರಡು ಹಿಂದಕ್ಕೆ. ಆಗ ಎರಡೂ ಕಡೆ 100 ಮೀಟರ್ ಮಾತ್ರ.

ಒಂದೂವರೆ ಕಿಲೋಮೀಟರಿಗೆ 45 ನಿಮಿಷ ಹಿಡಿಯುತ್ತೆ. ಒಂದು ಸರದ ಐದು ದಶಕ (ದಶಕಕ್ಕೆ ಹತ್ತು ನಮೋ ಮರಿಯ) ಗಟ್ಟಿಯಾಗಿ ಹೇಳಿದರೆ 20 ನಿಮಿಷ. ಎರಡು ಸರ, ನಡುವೆ ಒಂದು ಹಾಡು, ಅಲ್ಲಿಗೆ ಸರಿಹೋಗುತ್ತೆ. ಕ್ಯಾಂಪಿನಲ್ಲಿ ತೆಲುಗು ಮನೆಗಳು ಜಾಸ್ತಿ ಅಲ್ವಾ, ಒಂದು ದಶಕ ಕನ್ನಡ, ಒಂದು ತೆಲುಗು ಅಂತ ಮೊದಲೇ ಹಂಚಿಬಿಡಿ. ಮೈಕ್ ಹಿಡಿದ ಮೇಲೆ ಚರ್ಚೆ ಬೇಡ.

ಕಾಲುವಿ_ಕ್ಯಾಂಪ್

ಎಲ್ಲಾ 60 ಮನಿಗೂ ಸ್ವರೂಪ ಬರಬೇಕು ಅಂತ ಹಿರಿಯರು ಪಟ್ಟು ಹಿಡದಾರ. ಟೈಮಿಂಗ್ ಹೆಂಗ ಕೂಡಸೋದು?

ಉಪದೇಶಿ_ಬಳ್ಳಾರಿ

ಮನೆಗೆ 5 ನಿಮಿಷ ಅಂದರೂ 300 ನಿಮಿಷ, ಐದು ತಾಸು. ಆಗುವ ಮಾತಲ್ಲ. ನಾಲ್ಕು ಮನೆ ಬಿಟ್ಟು ಐದನೇ ಮನೆಯಿಂದ ಜಗಳ ಶುರುವಾಗುತ್ತದೆ. ಓಣಿಗೊಂದು ಮೂಲೆ ಗುರುತಿಸಿ, ಆರು ಮೂಲೆ ಸಾಕು. ಒಂದೊಂದು ಕಡೆ 5 ನಿಮಿಷ ನಿಂತು ಫಾದರ್ ತೀರ್ಥ ಚಿಮುಕಿಸಲಿ. ಅಲ್ಲಿನ ಮನೆಯವರು ಅಲ್ಲಿಗೇ ಬರುತ್ತಾರೆ. ಇದು ಅರ್ಧ ತಾಸು ಸೇರಿಸುತ್ತದೆ, ಹಾಗಾಗಿ ಊರ ಬಾಗಿಲಿನಿಂದ ಐದೂ ಕಾಲಿಗೇ ಹೊರಡಿ. ಅದಕ್ಕಿಂತ ಮುಂಚೆ ಬೇಡ, ಡಾಂಬರು ಕಾದಿರುತ್ತದೆ, ಹರಕೆಯವರು ಬರಿಗಾಲಲ್ಲಿ ನಡೆಯುತ್ತಾರೆ. ಆರೂವರೆಗೆ ಚರ್ಚು, ಆರೂ ಮುಕ್ಕಾಲರ ಸುಮಾರಿಗೆ ಹೊತ್ತು ಮುಳುಗುತ್ತದೆ. ಏಳಕ್ಕೆ ಬಲಿಪೂಜೆ, ಎಂಟಕ್ಕೆ ದರ್ಶನ.

ದರ್ಶನಕ್ಕೂ ಲೆಕ್ಕ ಬೇಕು. ಒಬ್ಬರಿಗೆ 10 ಸೆಕೆಂಡ್ ಅಂದರೆ 500 ಜನಕ್ಕೆ ಒಂದು ಸಾಲಿನಲ್ಲಿ 83 ನಿಮಿಷ, ಎರಡು ಸಾಲಾದರೆ 42. ನಿಮ್ಮದು ಒಂದೇ ಬಾಗಿಲಿನ ಚರ್ಚು, ಒಳಗೆ ಹೋಗುವವರೂ ಹೊರಗೆ ಬರುವವರೂ ಅಲ್ಲೇ ಡಿಕ್ಕಿ. ಬಲಿಪೂಜೆ, ದರ್ಶನ ಎರಡೂ ಹೊರಗೆ ಪೆಂಡಾಲಿನಲ್ಲೇ ಮಾಡಿ. ರಾತ್ರಿ ಒಂಬತ್ತೂವರೆಗೆ ಸ್ವರೂಪವನ್ನು ಒಳಗೆ ತನ್ನಿ.

ಬಡಿಗ್ಯಾನ_ಉಳಿ

ಆ ಒಂಬತ್ತೂವರೆ ಹೊತ್ತೇ ಅಪಾಯದ್ದು. ಎಲ್ಲಾರೂ ದಣದಿರ್ತಾರ, ಅರ್ಧ ಮಂದಿ ಊಟಕ್ಕ ಹೋಗಿರ್ತಾರ, ಕಾರ್ಯಕ್ರಮ ಮುಗೀತು ಅಂತ ಜನರೇಟರಿನವ ಬಂದ್ ಮಾಡ್ತಾನ. ಆಗ ಸ್ವರೂಪ ಎರಡನೇ ಮೆಟ್ಲ ಮ್ಯಾಲ ಇರ್ತದ. ಜನರೇಟರಿನ ಹತ್ರ ಒಬ್ಬನ್ನ ನಿಲ್ಲಸ್ರಿ, ಸ್ವರೂಪ ಒಳಗ ಕುಂತು ಬೆಲ್ಟ್ ಬಿಗಿಯೋ ತನಕ ಅಂವಾ ಅಲ್ಲಿಂದ ಕದಲಬಾರ್ದು.

ಎತ್ತೋರು ನಾಕ ಮಂದಿ, ಹೆಸರು ಮೊದ್ಲ ಬರೀರಿ, ಹೆಚ್ಚುಕಮ್ಮಿ ಒಂದ ಎತ್ತರದವ್ರು. ಐದನೇವ ಹಿಂದ ನಿಂತು ಬೆನ್ನಿಗೆ ಅಂಗೈ ಆನಿಸಬೇಕು, ಹಿಡಿಯೋ ಹಂಗಿಲ್ಲ, ನೂಕೋ ಹಂಗೂ ಇಲ್ಲ. ಮಾತಾಡೋದು ಒಬ್ಬನ. ಮೆಟ್ಲು ಹತ್ತೋವಾಗ ಮುಂದಿನವ್ರು ಮ್ಯಾಲೆ ಹೋಗಿರ್ತಾರ, ಸ್ವರೂಪ ಹಿಂದಕ್ಕ ವಾಲ್ತದ. ಮುಂದಿನವ್ರು ಹಿಡಿಕಿ ಮೊಳಕಾಲ ಮಟ್ಟಕ್ಕ ಇಳಸಬೇಕು, ಕೆಳಗಿನವ್ರು ಎದಿ ಮಟ್ಟಕ್ಕ ಎತ್ತಬೇಕು. ಹಿಂದಿನ ದಿನ ಮಣಿ ಮ್ಯಾಲ ಒಂದು ಭತ್ತದ ಚೀಲ ನೆಟ್ಟಗ ಕಟ್ಟಿ ನಾಕೈದು ಸಲ ಹತ್ತಿಳೀರಿ. ಚೀಲ ವಾಲಿದ್ರ ಸ್ವರೂಪಾನೂ ವಾಲ್ತದ.

ಹೂವಿನ_ಬುಟ್ಟಿ (ಬಳ್ಳಾರಿ)

ಹೂವಿನ ಬಗ್ಗೆ ನಾನು ಹೇಳ್ತೀನಿ. ಸ್ವರೂಪದ ಕೊರಳಿಗೆ ಒಂದೇ ಹಾರ, ಅದೂ ಮಲ್ಲಿಗೆ ಅಥವಾ ಬಿಳಿ ಸೇವಂತಿ, ಹಗುರದ್ದು. ಜನ ತಂದ ಹಾರಗಳನ್ನೆಲ್ಲ ಹಾಕುತ್ತಾ ಹೋದರೆ ನೀರು ಚಿಮುಕಿಸಿದ ಗುಲಾಬಿ ಹಾರಗಳ ಭಾರವೆಲ್ಲ ಬಾಲಯೇಸುವಿನ ಕೈಮೇಲೆ ಬೀಳುತ್ತೆ. ಹಸಿ ಚೆಂಡುಹೂವಿನ ಅರಿಶಿನ ಬಣ್ಣ ಪೇಂಟಿಗೆ ಹಿಡಿದರೆ ಬಿಡಲ್ಲ. ಮುಂದೆ ಮೂರಡಿ ದೂರದಲ್ಲಿ ಒಂದು ಅಡ್ಡ ಕೋಲು ನಿಲ್ಲಿಸಿ, ಎಲ್ಲರ ಹಾರವೂ ಅಲ್ಲಿಗೆ. ಮಂಟಪದ ಸುತ್ತ ಬೇಕಾದರೆ ಚೆಂಡುಹೂ ತೋರಣ ಹಾಕಿ, 40 ಮಾರು ಸಾಕಾಗುತ್ತೆ. ಸ್ವರೂಪದ ಹಿಂದೆ ದೊಡ್ಡ ಫ್ಲೆಕ್ಸ್ ಕಟ್ಟಬೇಡಿ ಅಣ್ಣಾ, ಮೇ ಸಂಜೆಯ ಗಾಳಿಗೆ ಅದು ಹಾಯಿ ಹಾಗೆ ಉಬ್ಬಿ ಮಂಟಪವನ್ನೇ ಎಳೆಯುತ್ತೆ. ಜಾಳಿಗೆ ಬಟ್ಟೆ ಕಟ್ಟಿ.

ಮೇಣದಬತ್ತಿ ಸ್ಟ್ಯಾಂಡ್ ಆರಡಿ ದೂರ ಇರಲಿ, ತಗಡಿನ ತಟ್ಟೆಯಲ್ಲಿ ಮೂರಿಂಚು ಮರಳು. ಬತ್ತಿಗಳನ್ನು ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿಟ್ಟರೆ ಸಂಜೆಗೆ ಬಾಗಿ ಬಾಳೆಹಣ್ಣಾಗಿರುತ್ತವೆ. ಮಡಕೆ ನೀರಿನ ಪಕ್ಕ ನೆರಳಲ್ಲಿಡಿ. ಸ್ವರೂಪಕ್ಕೆ ಮೇಣ ಸಿಡಿದರೆ ಚಾಕು, ಸೀಮೆಎಣ್ಣೆ, ಥಿನ್ನರ್ ಯಾವುದೂ ಬೇಡ. ಐಸ್ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅರ್ಧ ನಿಮಿಷ ಆನಿಸಿ, ಮೇಣ ಗಟ್ಟಿಯಾಗಿ ಉಗುರಿಗೆ ಎದ್ದು ಬರುತ್ತೆ.

ಕಾಲುವಿ_ಕ್ಯಾಂಪ್

ಅಕ್ಕಾರ, ಊರಿನ ಬ್ಯಾರೆ ಮಂದೀನೂ ಬರ್ತಾರ. ಎಣ್ಣಿ, ಕುಂಕುಮ, ತೆಂಗಿನಕಾಯಿ ತರ್ತಾರ. ಬ್ಯಾಡ ಅನ್ನಾಕ ಬರಂಗಿಲ್ಲ.

ಹೂವಿನ_ಬುಟ್ಟಿ

ಬೇಡ ಅನ್ನಬೇಡಿ. ಪಾದದ ಹತ್ತಿರ ಕಲ್ಲಿನದೋ ಹಿತ್ತಾಳೆಯದೋ ಒಂದು ಶಿಲುಬೆ ಇಡಿ, ಮುಟ್ಟುವುದು ಅದನ್ನು. ಎಣ್ಣೆಗೆ ಒಂದು ದೀಪ, ಕಾಯಿಗೆ ಒಂದು ಬುಟ್ಟಿ. ಎಣ್ಣೆ ಕೈಯಲ್ಲಿ ಪಾದ ಒತ್ತಿದರೆ ಬಣ್ಣ ಮೆತ್ತಗಾಗಿ, ಮುಂದಿನ ಹತ್ತು ಜನರ ಕರವಸ್ತ್ರದಲ್ಲಿ ಹೋಗಿಬಿಡುತ್ತೆ.

ಅಡಿಗಿ_ಒಲಿ (ಮಾನ್ವಿ)

ಊಟದ ಲೆಕ್ಕ: ಅನ್ನ ಸಾರಿಗೆ ನೂರು ಮಂದಿಗೆ 10 ಕೆಜಿ ಅಕ್ಕಿ, 3 ಕೆಜಿ ತೊಗರಿಬ್ಯಾಳಿ. ನಿಮಗ 50 ಕೆಜಿ, 15 ಕೆಜಿ. ನಿಮ್ಮ ಕಡೆ ಸೋನಾಮಸೂರಿಗೆ ಬರ ಇಲ್ಲ, ಆದ್ರ ಹೊಸಾ ಅಕ್ಕಿ ಹಾಕಬ್ಯಾಡ್ರಿ, ದೊಡ್ಡ ಹಂಡ್ಯಾಗ ಮುದ್ದಿ ಆಗ್ತದ. ನೀರು: ಒಬ್ಬೊಬ್ಬರಿಗೆ ಮೂರು ಗ್ಲಾಸ್ ಅಂದ್ರ 375 ಲೀಟರ್, 20 ಲೀಟರಿನ ಕ್ಯಾನು 19. ಅದರಾಗ ಆರು ಕ್ಯಾನು ಹಾದಿ ನಡುವ ಇಡ್ರಿ, ಎಲ್ಲಾ ಚರ್ಚಿನ ಹತ್ರ ಇಟ್ರ ಮುದುಕ್ರು ಹಾದ್ಯಾಗ ಕುಂದರ್ತಾರ.

ಅಂತೋಣಿಯವರ ರೊಟ್ಟಿ ಅಂತ ಬನ್ ಹಂಚತೀರಲ್ಲ, 550 ಹೇಳ್ರಿ, ಅವತ್ತೇ ಮುಂಜಾನಿ ಸುಟ್ಟದ್ದು. ಬಿಸಿ ಇದ್ದಾಗ ಪ್ಲಾಸ್ಟಿಕ್ ಚೀಲಕ್ಕ ತುಂಬಿದ್ರ ಬೆವರಿ ಹಳಸ್ತಾವ. ಬುಟ್ಟ್ಯಾಗ ಬಟ್ಟಿ ಹಾಸಿ ತರಸ್ರಿ.

ಉಪದೇಶಿ_ಬಳ್ಳಾರಿ

ಬನ್ ಹಂಚುವುದು ಪೆಂಡಾಲಿನ ಹೊರಗೆ, ಬಲಿಪೂಜೆ ಮುಗಿದ ಮೇಲೆ. ಪರಮಪ್ರಸಾದದ ಸಾಲಿನ ಪಕ್ಕದಲ್ಲಿ ಬೇಡ. ಅದು ಮಂತ್ರಿಸಿದ ರೊಟ್ಟಿ, ಯಾರು ಬೇಕಾದರೂ ತಿನ್ನಬಹುದು. ಪರಮಪ್ರಸಾದ ಹಾಗಲ್ಲ. ಎರಡು ಸಾಲೂ ಅಕ್ಕಪಕ್ಕ ಇದ್ದರೆ ಬೇರೆ ಧರ್ಮದವರು ಗೊತ್ತಿಲ್ಲದೆ ತಪ್ಪು ಸಾಲಿಗೆ ನಿಂತು ಮುಜುಗರ ಪಡುತ್ತಾರೆ. ತಪ್ಪು ಅವರದಲ್ಲ, ನಮ್ಮದು. ಕನ್ನಡ, ತೆಲುಗು ಎರಡರಲ್ಲೂ ಹೇಳಿಸಿ. ಈ ರೊಟ್ಟಿಯ ಮೂಲ ಉದ್ದೇಶ ಬಡವರಿಗೆ ಕೊಡುವುದು, ಉಳಿದದ್ದನ್ನು ಸಮಿತಿಯವರು ಮನೆಗೆ ಒಯ್ಯುವುದಲ್ಲ.

ಹುಂಡಿಯನ್ನು ಅವತ್ತು ರಾತ್ರಿಯೇ ಇಬ್ಬರು ಎಣಿಸಿ, ಫಾದರ್ ಎದುರಿಗೆ ಬರೆದು ಸಹಿ ಹಾಕಿ. ಸ್ವರೂಪ ಬಂದಾಗ ಮತ್ತು ಹೊರಟಾಗ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಎಲ್ಲೆಲ್ಲಿ ಬಣ್ಣ ಹೋಗಿದೆ, ಯಾವ ಬೆರಳು ಮುರಿದಿದೆ ಅಂತ ಪಟ್ಟಿ ಮಾಡಿ. ತಂದವರೂ ಪಡೆದವರೂ ಇಬ್ಬರೂ ಸಹಿ ಹಾಕಲಿ. ಇದಿಲ್ಲದಿದ್ದರೆ ಕೊನೆಯ ಊರಿನವರ ಮೇಲೆ ಎಲ್ಲ ಊರಿನ ತಪ್ಪು ಬರುತ್ತದೆ.

ಬಡಿಗ್ಯಾನ_ಉಳಿ

ತುಂಡು ಮುರದ್ರ ಫೆವಿಕ್ವಿಕ್ ತರಬ್ಯಾಡ್ರಿ. ಅದು ಸೊಟ್ಟ ಹತ್ತಿ ಬಿಡ್ತದ, ಆಮ್ಯಾಲ ರಿಪೇರಿಯವ ಅದನ್ನ ಬಿಡಿಸೋವಾಗ ಇನ್ನಷ್ಟು ಒಡೀತದ. ತುಂಡು ಕಾಗದದಾಗ ಸುತ್ತಿ ಪಟ್ಟಿ ಜೋಡಿ ಕೊಡ್ರಿ.

ಕಾಲುವಿ_ಕ್ಯಾಂಪ್

ಎಲ್ಲಾರಿಗೂ ಶರಣ್ರಿ. ಕಳಿಸೋರು ತಳದ ಅಳತಿ ಕೊಟ್ರು: 17ಕ್ಕ 15. ಮಣಿ 22 ಇಂಚೇ ಸಾಕಲ್ಲ? ಆದ್ರ ಬಾಗಲಾ ಮತ್ತ ಅಳದ್ವಿ. ಚೌಕಟ್ಟು 34 ಹೌದು, ಒಂದು ಕದಾ ಪೂರಾ ತೆರಿಯಂಗಿಲ್ಲ, ತೆರದಾಗ ಸಿಗೋದು 30 ಇಂಚು.

ಬಡಿಗ್ಯಾನ_ಉಳಿ

22 ಸಾಕು, 30 ಇಂಚಿನ ಬಾಗಲದಾಗ ಎರಡೂ ಕಡೆ ನಾಕು ನಾಕು ಇಂಚು ಉಳೀತದ. ಆ ಕದಾ ತಿರುಗಾಣಿಯಿಂದ ಎತ್ತಿ ಒಂದಿನ ಪಕ್ಕಕ್ಕ ಇಡ್ರಿ, ಅದು ಬಾಳ ಛಲೋ. ಎತ್ತಾಕ ಬರಲಿಲ್ಲ ಅಂದ್ರ ಚಿಲಕದ ಕೊಂಡಿಗೆ ದಪ್ಪ ಬಟ್ಟಿ ಸುತ್ರಿ. ಹಿಡಿಕಿ ಹಿಡದವನ ಮೊಳಕೈ ಸರಿಯಾಗಿ ಆ ಎತ್ತರಕ್ಕ ಬರ್ತದ, ಬಡದ್ರ ಕೈ ಬಿಡ್ತಾನ. ಮತ್ತ ಲಿಲ್ಲಿ ಹೂವಿನ ಡಬ್ಬಿ ಯಾರ ಕೈಯಾಗ ಅಂತ ಒಂದು ಹೆಸರು ಬರೀರಿ, ಬುಧವಾರ ಮುಂಜಾನಿ ಅದೊಂದ ಮರತು ಉಳಿಯೋದು.